ಮೆದುಳಿನ ಕೋಶಗಳು ಮಾತಾಡುವ ಬಗೆ: ಒಂದು ಹಿಡಿ ಹೆಸರುಕಾಳಿಟ್ಟುಕೊಂಡು ಮಕ್ಕಳಿಗೆ ಹೇಳಿಕೊಡಿ

"ಮೆದುಳು ಕೈಗೆ ಹೇಗೆ ಹೇಳುತ್ತೆ?" ಅಂತ ಮಗು ಕೇಳುತ್ತದೆ. ನಾವು "ನರಗಳ ಮೂಲಕ" ಅನ್ನುತ್ತೇವೆ. "ನರ ಅಂದ್ರೆ?" "ವೈರ್ ಇದ್ದ ಹಾಗೆ." ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಅಪ್ಪ ಅಮ್ಮಂದಿರು, ಪ್ರಾಥಮಿಕ ಶಾಲೆಯ ಟೀಚರ್‌ಗಳು ಮತ್ತೆ ಮತ್ತೆ ಕೇಳುವುದು ಇದನ್ನೇ: ವೈರ್ ಅಂದ ಮೇಲೆ ಮುಂದೆ ಏನು ಹೇಳುವುದು?

ನಾನು ಹೇಳುವುದಿಷ್ಟು. ವೈರ್ ಅನ್ನಲೇಬೇಡಿ. ಆ ಮಾತು ಕೇಳಿದ ಕೂಡಲೇ ಈ ತುದಿಯಿಂದ ಆ ತುದಿಗೆ ಎಲ್ಲೂ ಕಡಿಯದೆ ಹೋಗುವ ತಂತಿ ಮಗುವಿನ ಮನಸ್ಸಿನಲ್ಲಿ ಕೂತುಬಿಡುತ್ತದೆ. ನಿಜ ಬೇರೆಯೇ ಇದೆ. ಬಹುಪಾಲು ಮೆದುಳಿನ ಕೋಶಗಳು ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ಒಂದು ಚೂರು ಜಾಗ ಇರುತ್ತದೆ. ಸಂದೇಶ ಪ್ರತಿ ಸಲ ಆ ಜಾಗ ದಾಟಬೇಕು. ಮುಂದೆ ಹೋಗಬೇಕೋ ಬೇಡವೋ ಎಂದು ತೀರ್ಮಾನವಾಗುವುದು ಆ ದಾಟಿನ ಆಚೆ ಬದಿಯಲ್ಲಿ. ಕಲಿತದ್ದು ನಮ್ಮಲ್ಲಿ ಉಳಿಯುವುದೂ ಬಹುಮಟ್ಟಿಗೆ ಆ ಜಾಗದಲ್ಲೇ. ಇದೊಂದು ಸರಿಯಾಗಿ ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

8ರಿಂದ 12 ವರ್ಷದ ಮಕ್ಕಳಿಗೆ ಈ ಕ್ರಮ ಚೆನ್ನಾಗಿ ಹೊಂದುತ್ತದೆ. ಎಲ್ಲವನ್ನೂ ಒಂದೇ ಸಲ ಮಾಡಲು ಹೋಗಬೇಡಿ. ಮೊದಲ ಮೂರು ಹಂತ ಒಂದು ದಿನ, ಉಳಿದದ್ದು ಇನ್ನೊಂದು ದಿನ ಇಟ್ಟುಕೊಳ್ಳಿ.

ಏನೇನು ಬೇಕು

ಒಂದು ಹಿಡಿ ಹೆಸರುಕಾಳು, ಒಂದು ಹಿಡಿ ಕಡಲೆಕಾಳು. ಮಗುವಿಗೊಂದರಂತೆ ಕಾಗದದ ಕಪ್ಪು. 30 ಸೆಂಟಿಮೀಟರಿನ ಒಂದು ಸ್ಕೇಲು. ಮನೆಯಲ್ಲಾದರೆ ಕನಿಷ್ಠ ಮೂರು ಜನ ಬೇಕು, ಅಜ್ಜಿ ತಾತನನ್ನೂ ಸೇರಿಸಿಕೊಳ್ಳಿ. ತರಗತಿಯಲ್ಲಾದರೆ ಎಂಟು ಹತ್ತು ಮಕ್ಕಳ ಗುಂಪು ಮಾಡಿ.

ಒಂದು ಎಚ್ಚರಿಕೆ: ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕಾಳಿನ ಹತ್ತಿರ ಬಿಡಬೇಡಿ. ಮೂಗಿಗೋ ಕಿವಿಗೋ ತುರುಕಿಕೊಳ್ಳುತ್ತಾರೆ. ಆಟ ಮುಗಿದ ಮೇಲೆ ನೆಲ ಗುಡಿಸಿ.

ಹಂತ 1: ಒಂದು ಕೋಶದ ಪರಿಚಯ

ಮೆದುಳಿನಲ್ಲಿ ಸಂದೇಶ ಸಾಗಿಸುವ ಕೋಶಕ್ಕೆ ನರಕೋಶ ಅಥವಾ ನ್ಯೂರಾನ್ ಎನ್ನುತ್ತಾರೆ. ಮನುಷ್ಯನ ಮೆದುಳಿನಲ್ಲಿ ಇವು ಸುಮಾರು 8,600 ಕೋಟಿ ಇವೆ. ಸಂಖ್ಯೆಯನ್ನು ಒಂದು ಸಲ ಹೇಳಿ ಮುಂದೆ ಹೋಗಿ. ಅಷ್ಟು ದೊಡ್ಡ ಸಂಖ್ಯೆಯಿಂದ ಮಗುವಿಗೆ ಬೆರಗಾಗಬಹುದು, ಅದರಿಂದ ಏನೂ ತಿಳಿಯುವುದಿಲ್ಲ.

ಈಗ ಮಗುವನ್ನೇ ನರಕೋಶ ಮಾಡಿ. ನೆಟ್ಟಗೆ ನಿಂತು ಎರಡೂ ಕೈ ಚಾಚಲಿ. ಎಡಗೈ ಬೆರಳುಗಳನ್ನು ಅಗಲಿಸಲಿ. ಸುದ್ದಿ ಬರುವುದು ಆ ಕಡೆಯಿಂದ. ಕವಲು ಕವಲಾಗಿರುವ ಈ ಭಾಗಕ್ಕೆ ಡೆಂಡ್ರೈಟ್ ಎಂದು ಹೆಸರು. ಮೈ ಅಂದರೆ ಕೋಶದ ಒಡಲು. ಬಂದ ಸುದ್ದಿಯನ್ನೆಲ್ಲ ಲೆಕ್ಕ ಹಾಕುವುದು ಅಲ್ಲಿ. ಬಲಗೈ ಅಂದರೆ ಆಕ್ಸಾನ್. ಸುದ್ದಿ ಹೊರಗೆ ಹೋಗುವುದು ಇದೊಂದೇ ದಾರಿಯಲ್ಲಿ.

ಆಕ್ಸಾನ್ ಎಷ್ಟು ಉದ್ದ ಇರಬಹುದು ಎಂದು ಕೇಳಿ ನೋಡಿ. "ಕಣ್ಣಿಗೆ ಕಾಣದಷ್ಟು" ಎನ್ನುತ್ತಾರೆ. ದಪ್ಪದಲ್ಲಿ ಅದು ಸರಿ. ಆದರೆ ಬೆನ್ನುಹುರಿಯಿಂದ ಕಾಲ್ಬೆರಳಿಗೆ ಹೋಗುವ ಆಕ್ಸಾನ್ ದೊಡ್ಡವರಲ್ಲಿ ಸುಮಾರು 1 ಮೀಟರ್ ಉದ್ದ ಇರುತ್ತದೆ. ಅಷ್ಟುದ್ದಕ್ಕೂ ಒಂದೇ ಕೋಶ! ಮಗುವಿನ ಸೊಂಟದಿಂದ ಕಾಲ್ಬೆರಳಿನವರೆಗೆ ಬೆರಳೆಳೆದು ತೋರಿಸಿ.

ಹಂತ 2: ಕೋಶದ ಒಳಗೆ ಸಂದೇಶ ಓಡುವುದು

ಹೆಚ್ಚಿನವರು ಎಡವುವುದು ಇಲ್ಲೇ. "ಕರೆಂಟ್ ಹರಿಯುತ್ತೆ" ಅಂದುಬಿಡುತ್ತಾರೆ. ಮಗು ಸ್ವಿಚ್ಚು, ಬಲ್ಬು, ಶಾಕ್ ಎಲ್ಲ ನೆನೆಸಿಕೊಂಡು ಹೆದರಿಬಿಡುತ್ತದೆ. ವಿದ್ಯುತ್ತು ಇರುವುದು ನಿಜ, ಆದರೆ ಬಹಳ ಕಡಿಮೆ. ಕೋಶದ ಒಳಗೂ ಹೊರಗೂ ಇರುವ ವ್ಯತ್ಯಾಸ ಸುಮಾರು 70 ಮಿಲಿವೋಲ್ಟ್. ಟಾರ್ಚಿಗೆ ಹಾಕುವ ಸೆಲ್‌ನ 1.5 ವೋಲ್ಟಿನ ಇಪ್ಪತ್ತರಲ್ಲಿ ಒಂದು ಪಾಲು ಅಷ್ಟೇ.

ನಡೆಯುವುದು ಹೀಗೆ. ಕೋಶದ ಸುತ್ತ ತೆಳು ಪೊರೆ ಇದೆ. ಅದರ ಹೊರಗಿನ ನೀರಿನಲ್ಲಿ ಸೋಡಿಯಂ ಜಾಸ್ತಿ. ಅಡುಗೆ ಉಪ್ಪಿನಲ್ಲಿರುವ ಅದೇ ಸೋಡಿಯಂ. ಒಳಗೆ ಪೊಟ್ಯಾಸಿಯಂ ಜಾಸ್ತಿ, ಎಳನೀರಿನಲ್ಲಿ ಧಾರಾಳವಾಗಿ ಸಿಗುತ್ತದಲ್ವಾ, ಅದು. ಪೊರೆಯಲ್ಲಿ ಸಣ್ಣ ಬಾಗಿಲುಗಳಿವೆ. ಸಾಕಷ್ಟು ಉತ್ತೇಜನ ಸಿಕ್ಕ ಕೂಡಲೇ ಒಂದು ಕಡೆಯ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಅದರಿಂದ ಪಕ್ಕದ ಬಾಗಿಲು ತೆರೆಯುತ್ತದೆ. ಆಮೇಲೆ ಅದರ ಪಕ್ಕದ್ದು. ಹೀಗೆ ಆಕ್ಸಾನಿನ ತುದಿಯವರೆಗೆ.

ಇದನ್ನು ಹೇಳಲು ಶಾಲೆಯ ಸೈಕಲ್ ಸ್ಟ್ಯಾಂಡಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಒತ್ತಾಗಿ ನಿಲ್ಲಿಸಿದ ಸೈಕಲ್‌ಗಳಲ್ಲಿ ಒಂದು ಬಿದ್ದರೆ ಇಡೀ ಸಾಲು ಬೀಳುತ್ತದೆ. ಮೊದಲ ಸೈಕಲ್ ಕೊನೆಯವರೆಗೆ ಓಡಿಹೋಯಿತೇ? ಇಲ್ಲ, ನಿಂತಲ್ಲೇ ಬಿತ್ತು. ಬೀಳುವಿಕೆ ಮಾತ್ರ ಮುಂದೆ ಹೋಯಿತು. ಸ್ವಲ್ಪ ತಾಗಿದರೆ ಸೈಕಲ್ ಅಲ್ಲಾಡಿ ಸುಮ್ಮನಾಗುತ್ತದೆ. ಒಂದು ಮಟ್ಟ ದಾಟಿ ತಳ್ಳಿದರೆ ಬಿದ್ದೇ ಬೀಳುತ್ತದೆ. ಇನ್ನೂ ಜೋರಾಗಿ ತಳ್ಳಿದರೂ ಕೊನೆಯ ಸೈಕಲ್ ಬೀಳುವುದು ಅದೇ ರೀತಿ. ಎಲ್ಲವನ್ನೂ ಎತ್ತಿ ನಿಲ್ಲಿಸುವವರೆಗೆ ಮತ್ತೊಮ್ಮೆ ಬೀಳಿಸಲು ಆಗುವುದಿಲ್ಲ. ನರಕೋಶವೂ ಹೀಗೆಯೇ. ಆದರೆ ಅದು ಎದ್ದು ನಿಲ್ಲಲು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲು ಸಮಯ ಸಾಕು.

ಚುರುಕಾದ ಮಗು ಇಲ್ಲಿ ಒಂದು ಪ್ರಶ್ನೆ ಕೇಳುತ್ತದೆ. ಸಂದೇಶ ಯಾವಾಗಲೂ ಒಂದೇ ಗಾತ್ರವಾದರೆ ಮೆಲ್ಲಗೆ ಮುಟ್ಟಿದ್ದು ಯಾವುದು, ಜೋರಾಗಿ ಒತ್ತಿದ್ದು ಯಾವುದು ಅಂತ ಮೆದುಳಿಗೆ ಹೇಗೆ ಗೊತ್ತಾಗುತ್ತದೆ? ಕೇಳದಿದ್ದರೆ ನೀವೇ ಕೇಳಿ, ಬಿಡಬೇಡಿ. ಸಂದೇಶ ದೊಡ್ಡದಾಗುವುದಿಲ್ಲ, ಬೇಗ ಬೇಗ ಬರುತ್ತದೆ. ಮೆಲ್ಲಗೆ ಮುಟ್ಟಿದಾಗ ಸೆಕೆಂಡಿಗೆ ಕೆಲವು ಸಲ, ಗಟ್ಟಿಯಾಗಿ ಒತ್ತಿದಾಗ ನೂರಕ್ಕೂ ಹೆಚ್ಚು ಸಲ. ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ಎಡ್ಗರ್ ಏಡ್ರಿಯನ್. 1932ರಲ್ಲಿ ಅವರಿಗೆ ನೊಬೆಲ್ ಬಂತು.

ವೇಗದ ಬಗ್ಗೆ ಎರಡು ಮಾತು ಸಾಕು. ಕೆಲವು ಆಕ್ಸಾನ್‌ಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಹೊದಿಕೆ ಇದ್ದರೆ ಸಂದೇಶ ನಡುನಡುವಿನ ಬಿಡುವಿನಿಂದ ಬಿಡುವಿಗೆ ಹಾರುತ್ತಾ ಹೋಗುತ್ತದೆ. ತೀರಾ ವೇಗದವು ಸೆಕೆಂಡಿಗೆ 120 ಮೀಟರ್ ಮುಟ್ಟುತ್ತವೆ. ಹೊದಿಕೆ ಇಲ್ಲದವು ಸೆಕೆಂಡಿಗೆ ಸುಮಾರು 1 ಮೀಟರ್, ನಾವು ನಡೆಯುವಷ್ಟು.

ಹಂತ 3: ಜಾಗ ದಾಟುವುದು

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ.

ಮಕ್ಕಳನ್ನು ಸಾಲಾಗಿ ನಿಲ್ಲಿಸಿ. ಎಲ್ಲರ ಎಡಗೈಯಲ್ಲಿ ಖಾಲಿ ಕಪ್ಪು, ಬಲಗೈ ಮುಷ್ಟಿಯಲ್ಲಿ ಹತ್ತು ಹೆಸರುಕಾಳು. ಒಬ್ಬರ ಮುಷ್ಟಿ ಪಕ್ಕದವರ ಕಪ್ಪಿನ ಮೇಲೆ ಬರಬೇಕು, ಆದರೆ ತಾಗಬಾರದು. ನಡುವೆ ಎರಡು ಬೆರಳು ಜಾಗ ಇರಲಿ. ತಾಗಿಸಿದರೆ ಆಟದಿಂದ ಔಟ್ ಎಂದು ಹೇಳಿ. ಮಕ್ಕಳು ಆ ಜಾಗದ ಮೇಲೆಯೇ ಕಣ್ಣಿಟ್ಟು ಕಾಯುತ್ತಾರೆ. ನಮಗೆ ಬೇಕಾದದ್ದೂ ಅದೇ.

ಮೊದಲನೆಯ ಮಗುವಿನ ಕಪ್ಪಿಗೆ ನೀವು ಕಾಳು ಸುರಿಯಿರಿ. ಅದು ಎಡ ಭುಜದಿಂದ ಬಲ ಭುಜಕ್ಕೆ ಮೈಯನ್ನು ಒಮ್ಮೆ ಅಲೆಯಾಗಿ ಆಡಿಸಲಿ. ಅದು ಕೋಶದೊಳಗಿನ ಓಟ. ಅಲೆ ಬಲಗೈ ತುದಿ ಮುಟ್ಟಿದ ಮೇಲೆ ಮುಷ್ಟಿ ಸಡಿಲಿಸಿ ಕಾಳನ್ನು ಪಕ್ಕದ ಕಪ್ಪಿಗೆ ಬಿಡಲಿ. ಪಕ್ಕದವರೂ ಹಾಗೆಯೇ ಮಾಡಲಿ.

ಕಾಳು ಕೊನೆ ಮುಟ್ಟಿದ ಮೇಲೆ ಒಂದು ಪ್ರಶ್ನೆ ಕೇಳಿ: "ಮೊದಲನೆಯವಳ ಕಪ್ಪಿಗೆ ಬಿದ್ದ ಕಾಳು ಈಗ ಎಲ್ಲಿದೆ?" ಕೊನೆಯವನ ಹತ್ತಿರ ಎಂದು ಕೆಲವರು ಹೇಳುತ್ತಾರೆ. ತೆಗೆದು ನೋಡಿದರೆ ಅದು ಮೊದಲನೆಯವಳ ಕಪ್ಪಿನಲ್ಲೇ ಇರುತ್ತದೆ! ಪ್ರತಿಯೊಬ್ಬರೂ ತಮ್ಮ ಮುಷ್ಟಿಯ ಕಾಳನ್ನೇ ಬಿಟ್ಟಿದ್ದಾರೆ. ಹಾಗಾದರೆ ಸಾಲಿನುದ್ದಕ್ಕೂ ಹೋದದ್ದು ಏನು? ಕಾಳಲ್ಲ, ಸಂದೇಶ. ಇದನ್ನು ಮಕ್ಕಳ ಬಾಯಿಂದಲೇ ಹೇಳಿಸಿ.

ಈಗ ಹೆಸರು ಹೇಳಬಹುದು. ಆ ಜಾಗಕ್ಕೆ, ಅದರ ಎರಡು ದಡಗಳನ್ನೂ ಸೇರಿಸಿ, ಸಿನಾಪ್ಸ್ ಎನ್ನುತ್ತಾರೆ. ಜಾಗದ ಅಗಲ ಸುಮಾರು 20 ನ್ಯಾನೋಮೀಟರ್, ಅಂದರೆ ತಲೆಕೂದಲಿನ ದಪ್ಪದ ನಾಲ್ಕು ಸಾವಿರದಲ್ಲಿ ಒಂದು ಪಾಲು. ಅಲ್ಲಿ ಕಾಳಿನ ಬದಲು ರಾಸಾಯನಿಕಗಳು ದಾಟುತ್ತವೆ. ಅವುಗಳ ಹೆಸರು ನ್ಯೂರೋಟ್ರಾನ್ಸ್‌ಮಿಟರ್, ಸುದ್ದಿ ಮುಟ್ಟಿಸುವ ರಾಸಾಯನಿಕ ಎಂದರೆ ಸಾಕು. ಆಕ್ಸಾನಿನ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಲ್ಲಿ ಇವು ತುಂಬಿಕೊಂಡು ಕಾಯುತ್ತಿರುತ್ತವೆ. ಆಚೆ ದಡದಲ್ಲಿ ಇವನ್ನು ಹಿಡಿಯಲೆಂದೇ ಇರುವ ರಿಸೆಪ್ಟರ್‌ಗಳಿವೆ. ಒಂದು ರಾಸಾಯನಿಕ ತನ್ನ ರಿಸೆಪ್ಟರ್‌ನಲ್ಲಿ ಮಾತ್ರ ಕೂರುತ್ತದೆ, ಬೇರೆಯದರಲ್ಲಿ ಕೂರುವುದಿಲ್ಲ.

ಕಪ್ಪು ಖಾಲಿ ಮಾಡದೆ ಇನ್ನೊಂದು ಸುತ್ತು ಶುರು ಮಾಡಿ ನೋಡಿ. ಹಳೆ ಕಾಳು ಯಾವುದು, ಹೊಸದು ಯಾವುದು ಎಂದು ಗೊತ್ತಾಗದೆ ಗೊಂದಲವಾಗುತ್ತದೆ. ಮೆದುಳಿನಲ್ಲೂ ಸಂದೇಶ ಮುಟ್ಟಿದ ಕೂಡಲೇ ಆ ಜಾಗವನ್ನು ಶುಚಿ ಮಾಡಬೇಕು. ಕೆಲವು ರಾಸಾಯನಿಕಗಳನ್ನು ಕಳಿಸಿದ ಕೋಶವೇ ವಾಪಸ್ ಎಳೆದುಕೊಂಡು ಮತ್ತೆ ಬಳಸುತ್ತದೆ. ಕೆಲವನ್ನು ಕಿಣ್ವಗಳು, ಅಂದರೆ ಒಡೆಯುವ ಕೆಲಸದ ಪ್ರೋಟೀನ್‌ಗಳು, ಅಲ್ಲೇ ತುಂಡರಿಸುತ್ತವೆ. ಪಾಠ ಹೇಳುವವರು ಸಾಮಾನ್ಯವಾಗಿ ಈ ಭಾಗ ಮರೆತುಬಿಡುತ್ತಾರೆ. ದಯವಿಟ್ಟು ಮರೆಯಬೇಡಿ.

ದಾಟುವುದು ರಾಸಾಯನಿಕವೇ ಎಂದು ಹೇಗೆ ಗೊತ್ತಾಯಿತು? ಸ್ಪೇನಿನ ಸ್ಯಾಂಟಿಯಾಗೋ ರಮೋನ್ ಇ ಕಹಾಲ್ ಬೆಳ್ಳಿಯ ದ್ರಾವಣದಿಂದ ಬಣ್ಣ ಹಾಕಿದ ಮೆದುಳಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯುತ್ತಿದ್ದರು. ಕೋಶಗಳು ಬಿಡಿಬಿಡಿ ಎಂದು ವಾದಿಸಿದರು. ಆ ಬಣ್ಣದ ವಿಧಾನ ಕಂಡುಹಿಡಿದ ಇಟಲಿಯ ಕ್ಯಾಮಿಲ್ಲೋ ಗಾಲ್ಗಿ ಅವರೇ ಅದನ್ನು ಒಪ್ಪಲಿಲ್ಲ. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಕೊಟ್ಟರು. ಆಮೇಲೆ 1921ರಲ್ಲಿ ಆಸ್ಟ್ರಿಯಾದ ಆಟೋ ಲೋವಿ ಎರಡು ಕಪ್ಪೆ ಹೃದಯಗಳ ಪ್ರಯೋಗ ಪ್ರಕಟಿಸಿದರು. ಒಂದು ಹೃದಯದ ನರವನ್ನು ಕೆರಳಿಸಿದಾಗ ಅದರ ಬಡಿತ ನಿಧಾನವಾಯಿತು. ಅದರ ಸುತ್ತಲಿದ್ದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದರು. ಅದರ ಬಡಿತವೂ ನಿಧಾನವಾಯಿತು. ಎರಡರ ನಡುವೆ ನರವೇ ಇರಲಿಲ್ಲ. ಹಾಗಾದರೆ ದ್ರವದಲ್ಲಿ ಏನೋ ಇದ್ದಿರಲೇಬೇಕು ಅಲ್ವಾ? "ಆ ದ್ರವದಲ್ಲಿ ಏನಿತ್ತು?" ಎಂದು ಮಕ್ಕಳನ್ನೇ ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಿ. ಉತ್ತರ ಅವರಿಂದಲೇ ಬರುತ್ತದೆ.

ಹಂತ 4: ಹೌದು, ಬೇಡಗಳ ಲೆಕ್ಕ

ಈಗ ಕಡಲೆಕಾಳು ತೆಗೆಯಿರಿ. ಹಸಿರು ಹೆಸರುಕಾಳು ಅಂದರೆ "ಹೊರಡು". ಕಡಲೆಕಾಳು ಅಂದರೆ "ಬೇಡ, ತಡಿ". ಒಂದು ಮಗುವನ್ನು ನಡುವೆ ನಿಲ್ಲಿಸಿ, ಸುತ್ತ ಮೂರು ನಾಲ್ಕು ಮಕ್ಕಳು ಅದರ ಕಪ್ಪಿಗೆ ತಮಗೆ ಇಷ್ಟ ಬಂದಷ್ಟು ಕಾಳು ಹಾಕಲಿ. ನಡುವಿನ ಮಗು ಎಣಿಸಲಿ. ಹಸಿರಿನಿಂದ ಕಡಲೆ ಕಳೆದು ಐದು ಅಥವಾ ಹೆಚ್ಚು ಉಳಿದರೆ ಅಲೆ ಓಡಿಸಬೇಕು. ನಾಲ್ಕೇ ಉಳಿದರೆ ಸುಮ್ಮನೆ ನಿಲ್ಲಬೇಕು.

ನಿಜವಾದ ನರಕೋಶಕ್ಕೆ ಮೂರು ನಾಲ್ಕಲ್ಲ, ಸಾವಿರಾರು ಕಡೆಯಿಂದ ಹೀಗೆ ಸುದ್ದಿ ಬರುತ್ತಿರುತ್ತದೆ. ಮೆದುಳಿನಲ್ಲಿ ಹಸಿರು ಕಾಳಿನ ಕೆಲಸ ಹೆಚ್ಚಾಗಿ ಮಾಡುವುದು ಗ್ಲುಟಮೇಟ್ ಎಂಬ ರಾಸಾಯನಿಕ. ಕಡಲೆಕಾಳಿನ ಕೆಲಸ ಗಾಬಾ ಎಂಬುದರದು. "ಬೇಡ" ಅನ್ನುವುದೂ ಅಷ್ಟೇ ಮುಖ್ಯವಾದ ಸಂದೇಶ ಎನ್ನುವುದನ್ನು ಮಕ್ಕಳು ಇಲ್ಲಿ ಮಾಡಿಯೇ ಕಲಿಯುತ್ತಾರೆ. ತಡೆಯುವವರು ಇಲ್ಲದಿದ್ದರೆ ಏನಾಗುತ್ತದೆ ಎಂದು ತೋರಿಸಲು ಒಂದು ಸುತ್ತು ಬರೀ ಹೆಸರುಕಾಳಿನಲ್ಲಿ ಆಡಿಸಿ. ಎಲ್ಲರೂ ಒಟ್ಟಿಗೆ ಅಲೆ ಓಡಿಸುತ್ತಾ ನೆಲದ ತುಂಬ ಕಾಳು ಚೆಲ್ಲುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಹಂತ 5: ಸ್ಕೇಲ್ ಹಿಡಿದು ಅಳೆಯಿರಿ

ಸ್ಕೇಲಿನ ಮೇಲ್ತುದಿಯನ್ನು ನೀವು ಹಿಡಿಯಿರಿ. 0 ಕೆಳಗಿರಲಿ. ಮಗು ಹೆಬ್ಬೆರಳು ತೋರುಬೆರಳನ್ನು 0 ಹತ್ತಿರ ಇಟ್ಟು, ಮುಟ್ಟದೆ ಕಾಯಲಿ. ಹೇಳದೆ ಕೇಳದೆ ಬಿಟ್ಟುಬಿಡಿ. ಎಷ್ಟನೇ ಸೆಂಟಿಮೀಟರಿನಲ್ಲಿ ಹಿಡಿಯಿತು ನೋಡಿ. 10 ಸೆಂ.ಮೀ. ಆದರೆ 0.14 ಸೆಕೆಂಡು, 15 ಆದರೆ 0.17, 20 ಆದರೆ 0.20, 25 ಆದರೆ 0.23, 30 ಆದರೆ 0.25.

ಮೂರು ತಪ್ಪುಗಳು ಸಾಮಾನ್ಯ. ಬಿಡುವ ಮುಂಚೆ ನಿಮ್ಮ ಬೆರಳು ಅಲುಗಿದರೆ ಮಗು ಅದನ್ನು ನೋಡಿಯೇ ಹಿಡಿದುಬಿಡುತ್ತದೆ. ಒಂದೇ ಸಲ ಅಳೆದು ನಿಲ್ಲಿಸಬೇಡಿ. ಐದಾರು ಸಲ ಮಾಡಿ ನಡುವಿನ ಅಂಕಿ ತೆಗೆದುಕೊಳ್ಳಿ. ಚಿಕ್ಕ ಮಕ್ಕಳ ಕೈಯಿಂದ ಸ್ಕೇಲು ಪೂರ್ತಿ ಜಾರಿಹೋಗಬಹುದು. ಅಂಥವರಿಗೆ ಉದ್ದದ ಪಟ್ಟಿ ಕೊಡಿ, ನಗಬೇಡಿ.

ಈಗ ಒಂದು ಲೆಕ್ಕ. ಕಣ್ಣಿನಿಂದ ಮೆದುಳಿಗೆ, ಅಲ್ಲಿಂದ ಕೈಗೆ ದಾರಿ ಸುಮಾರು 1 ಮೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಓಡಿದರೆ 0.02 ಸೆಕೆಂಡು ಸಾಕು. ಆದರೆ ಹಿಡಿಯಲು 0.20 ಬೇಕಾಯಿತು. ಉಳಿದ ಸಮಯ ಎಲ್ಲಿ ಹೋಯಿತು? ಕಣ್ಣು ಬೆಳಕನ್ನು ಸಂದೇಶವಾಗಿ ಬದಲಾಯಿಸಬೇಕು. ಸಂದೇಶ ಒಂದಾದ ಮೇಲೊಂದು ಜಾಗ ದಾಟಬೇಕು. ಪ್ರತಿ ಕೋಶವೂ ಹೌದು ಬೇಡಗಳನ್ನು ಕೂಡಿ ಕಳೆಯಬೇಕು. ಕೊನೆಗೆ ಸ್ನಾಯು ಬಿಗಿಯಬೇಕು. ಬರೀ ಓಟಕ್ಕೆ ಹೋದದ್ದು ಚೂರೇ ಚೂರು.

ಹಂತ 6: ಕಲಿಯುವುದು ಅಂದರೆ

ಇಬ್ಬರು ಮಕ್ಕಳು ಮತ್ತೆ ಮತ್ತೆ ಕಾಳು ದಾಟಿಸಲಿ. ಪ್ರತಿ ಸುತ್ತಿಗೂ ಕೊಡುವವರಿಗೆ ಎರಡು ಕಾಳು ಹೆಚ್ಚು ಕೊಡಿ, ಪಡೆಯುವವರಿಗೆ ಇನ್ನೂ ಅಗಲದ ಬಟ್ಟಲು ಕೊಡಿ. ಮೊದಲು ಅರ್ಧ ಕಾಳು ಹೊರಗೆ ಬೀಳುತ್ತಿತ್ತು, ಈಗ ಎಲ್ಲವೂ ಒಳಗೆ. ಸೈಕಲ್ ಕಲಿಯುವಾಗ, ಮಗ್ಗಿ ಬಾಯಿಪಾಠ ಮಾಡುವಾಗ ನಡೆಯುವುದು ಇಂಥದ್ದೇ. ಪದೇ ಪದೇ ಬಳಸಿದ ಸಿನಾಪ್ಸ್ ಗಟ್ಟಿಯಾಗುತ್ತದೆ. ಇದನ್ನು 1973ರಲ್ಲಿ ಟಿಮ್ ಬ್ಲಿಸ್ ಮತ್ತು ತೆರ್ಯೆ ಲೋಮೋ ಮೊಲದ ಮೆದುಳಿನಲ್ಲಿ ಅಳೆದು ತೋರಿಸಿದರು. ಹೊಸ ಪಾಠಕ್ಕೊಂದು ಹೊಸ ಕೋಶ ಹುಟ್ಟುತ್ತದೆ ಎಂದು ಹೇಳಬೇಡಿ. ಮುಖ್ಯವಾಗಿ ಬದಲಾಗುವುದು ಕೋಶಗಳ ನಡುವಿನ ನಂಟು.

ಹೇಳಬಾರದ ಮಾತುಗಳು

"ನಾವು ಮೆದುಳಿನ ಶೇಕಡ 10 ಮಾತ್ರ ಬಳಸುತ್ತೇವೆ" ಎನ್ನುವುದು ಸುಳ್ಳು. ಪೂರ್ತಿ ಬಳಸುತ್ತೇವೆ. ದೇಹದ ತೂಕದಲ್ಲಿ ಶೇಕಡ 2ರಷ್ಟಿರುವ ಮೆದುಳು ಸುಮ್ಮನೆ ಕೂತಾಗಲೂ ದೇಹದ ಶಕ್ತಿಯಲ್ಲಿ ಶೇಕಡ 20ರಷ್ಟು ಖರ್ಚು ಮಾಡುತ್ತದೆ. "ಡೋಪಮೀನ್ ಅಂದರೆ ಖುಷಿ" ಎನ್ನುವುದೂ ಬೇಡ. ಕೈಕಾಲು ಆಡಿಸುವುದಕ್ಕೂ ಡೋಪಮೀನ್ ಬೇಕು. ಅದನ್ನು ತಯಾರಿಸುವ ಕೋಶಗಳು ಕಡಿಮೆಯಾದರೆ ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುತ್ತದೆ. ಇನ್ನು, "ಎಲ್ಲ ಕೋಶಗಳ ನಡುವೆಯೂ ಜಾಗ ಇದೆ" ಎನ್ನಬೇಡಿ, "ಬಹುಪಾಲು" ಎನ್ನಿ. ನೇರವಾಗಿ ಕೂಡಿಕೊಂಡ ಕೆಲವು ಕೋಶಗಳೂ ಇವೆ.

ಮಕ್ಕಳು ಕೇಳುವ ಪ್ರಶ್ನೆಗಳು

ಹಲ್ಲಿನ ಡಾಕ್ಟರ್ ಸೂಜಿ ಚುಚ್ಚಿದರೆ ದವಡೆ ಯಾಕೆ ಮರಗಟ್ಟುತ್ತದೆ? ಆ ಔಷಧ ಸೋಡಿಯಂ ಬಾಗಿಲುಗಳನ್ನು ತೆರೆಯಲು ಬಿಡುವುದಿಲ್ಲ. ಸಾಲಿನ ನಡುವೆ ನಾಲ್ಕು ಸೈಕಲ್ ಬಿಗಿದು ಕಟ್ಟಿದರೆ ಬೀಳುವಿಕೆ ಅಲ್ಲೇ ನಿಲ್ಲುತ್ತದಲ್ವಾ?

ಕಾಫಿ ಕುಡಿದರೆ ನಿದ್ದೆ ಯಾಕೆ ಬರುವುದಿಲ್ಲ? ದಿನವಿಡೀ ಎಚ್ಚರ ಇದ್ದಂತೆ ಮೆದುಳಿನಲ್ಲಿ ಅಡಿನೋಸಿನ್ ಎಂಬುದು ಸೇರುತ್ತಾ ಹೋಗಿ ನಿದ್ದೆ ತರುತ್ತದೆ. ಅದು ಕೂರಬೇಕಾದ ರಿಸೆಪ್ಟರ್‌ನಲ್ಲಿ ಕಾಫಿಯ ಕೆಫೀನ್ ಹೋಗಿ ಕೂತುಬಿಡುತ್ತದೆ.

ಕಾಲ್ಬೆರಳು ಹೊಸ್ತಿಲಿಗೆ ತಾಗಿದಾಗ ಮೊದಲು "ತಾಗಿತು" ಅಂತ ಗೊತ್ತಾಗಿ, ಒಂದು ಗಳಿಗೆ ಬಿಟ್ಟು ಉರಿಯುವ ನೋವು ಯಾಕೆ ಬರುತ್ತದೆ? ಮುಟ್ಟಿದ ಸುದ್ದಿ ಹೊದಿಕೆ ಇರುವ ವೇಗದ ಆಕ್ಸಾನಿನಲ್ಲಿ ಬರುತ್ತದೆ, ಉರಿಯುವ ನೋವು ಹೊದಿಕೆ ಇಲ್ಲದ್ದರಲ್ಲಿ. ಅಮ್ಮ ಅಲ್ಲಿ ಉಜ್ಜಿದರೆ ನೋವು ಇಳಿಯುವುದೂ ಸುಳ್ಳಲ್ಲ. ಉಜ್ಜಿದ ಸುದ್ದಿ ಬೆನ್ನುಹುರಿಗೆ ಬಂದು, ಅಲ್ಲಿ ನೋವಿನ ಸುದ್ದಿಗೆ ಕಡಲೆಕಾಳು ಹಾಕಿಸುತ್ತದೆ.

ಬೆಂಗಳೂರಿನ ಕಡೆಯವರಾದರೆ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ನಿಜವಾದ ಮೆದುಳನ್ನು ಅಲ್ಲಿ ನೋಡಬಹುದು. ಹೊರಡುವ ಮುಂಚೆ ಫೋನ್ ಮಾಡಿ ದಿನ, ಸಮಯ ಕೇಳಿಕೊಳ್ಳಿ.

ಫಿಟ್ಸ್ ಬಗ್ಗೆ ತಪ್ಪದೆ ಹೇಳಿ

ತರಗತಿಯಲ್ಲಿ ಒಂದಲ್ಲ ಒಂದು ದಿನ ಯಾರಾದರೂ "ಫಿಟ್ಸ್ ಅಂದ್ರೆ ಏನು?" ಎಂದು ಕೇಳುತ್ತಾರೆ. ಬರೀ ಹೆಸರುಕಾಳಿನಲ್ಲಿ ಆಡಿದ ಸುತ್ತನ್ನು ನೆನಪಿಸಿ. ತಡೆಯುವ ಸಂದೇಶ ಸಾಲದೆ ತುಂಬಾ ಕೋಶಗಳು ಒಟ್ಟಿಗೆ ಸಂದೇಶ ಓಡಿಸಿದಾಗ ಫಿಟ್ಸ್ ಬರುತ್ತದೆ. ದೆವ್ವವಲ್ಲ, ಶಾಪವಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಹೆಚ್ಚಿನ ಸಲ ಒಂದೆರಡು ನಿಮಿಷದಲ್ಲಿ ಅದಾಗಿಯೇ ನಿಲ್ಲುತ್ತದೆ. ಕೈಗೆ ಬೀಗದ ಕೈ ಅಥವಾ ಕಬ್ಬಿಣ ಕೊಟ್ಟಿದ್ದಕ್ಕೆ ನಿಂತಿತು ಎಂದು ಜನ ನಂಬಿರುವುದು ಇದೇ ಕಾರಣಕ್ಕೆ. ಕಬ್ಬಿಣ ಕೊಡದಿದ್ದರೂ ನಿಲ್ಲುತ್ತಿತ್ತು.

ಮಕ್ಕಳಿಗೆ ಕಲಿಸಬೇಕಾದದ್ದು ಇಷ್ಟು. ದೊಡ್ಡವರನ್ನು ಕೂಗಿ ಕರೆಯಿರಿ. ಸುತ್ತಲಿನ ಬೆಂಚು, ಕಲ್ಲು ಸರಿಸಿ. ತಲೆಯ ಕೆಳಗೆ ಬ್ಯಾಗೋ ಸ್ವೆಟರೋ ಇಡಿ. ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಒಬ್ಬರು ಗಡಿಯಾರ ನೋಡುತ್ತಿರಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮುಂಚೆಯೇ ಇನ್ನೊಂದು ಸಲ ಶುರುವಾದರೆ, ಕೂಡಲೇ 108ಕ್ಕೆ ಫೋನ್ ಮಾಡಿಸಿ. ಮೊದಲ ಸಲ ಬಂದಿದ್ದರೆ ಬೇಗ ನಿಂತರೂ ಡಾಕ್ಟರಿಗೆ ತೋರಿಸಲೇಬೇಕು.